ಹಗ್ಗ ಹಿಡಿದವನ ಹೆಸರು

ಹಳೆಯ ಯುದ್ಧವಿಮಾನದ ಫೋಟೊ ಕೈಗೆ ಬಂದರೆ ಮೊದಲು ಕಾಣುವುದು ಅದರ ಚೆಲುವು. ಆ ಚೆಲುವನ್ನು ಪೂರ್ತಿ ನಂಬುವವನು ಬೇಗ ಮೋಸಹೋಗುತ್ತಾನೆ; ನನಗದು ಕಾಣಲೇ ಇಲ್ಲ ಎನ್ನುವವನು ಸುಳ್ಳು ಹೇಳುತ್ತಾನೆ. ಕೊಲ್ಲಲೆಂದೇ ಕಟ್ಟಿದ್ದು ಇಷ್ಟು ಚೆನ್ನಾಗಿ ಯಾಕಿದೆ ಎಂಬ ಇರುಸುಮುರುಸಿನಿಂದ ನೋಡಲು ಶುರುಮಾಡುವುದೇ ಸರಿ.

*

ಸ್ಪಿಟ್‌ಫೈರಿನ ರೆಕ್ಕೆಯ ಬಾಗನ್ನು ಹೊಗಳಿದವರಿಗೆ ಲೆಕ್ಕವಿಲ್ಲ. ರೆಕ್ಕೆ ಆದಷ್ಟೂ ತೆಳ್ಳಗಿರಬೇಕು, ಆದರೆ ಅದರೊಳಗೆ ಎಂಟು ಮೆಷಿನ್‌ಗನ್ನು, ಅವುಗಳ ಗುಂಡಿನ ಪೆಟ್ಟಿಗೆ, ಮಡಚಿಕೊಳ್ಳುವ ಚಕ್ರ ಎಲ್ಲ ಹಿಡಿಯಬೇಕು. ಈ ಲೆಕ್ಕ ಬಿಡಿಸಿದಾಗ ಬಂದ ಆಕಾರ ಅದು. ಆ ಲೆಕ್ಕ ಮಾಡಿದ ಕೆನಡಾದ ಬೆವರ್ಲಿ ಶೆನ್‌ಸ್ಟನ್ ಇದನ್ನು ಮುಚ್ಚಿಡಲಿಲ್ಲ. ನಾವು ಕವಿತೆಯೆಂದು ಓದುವ ಗೆರೆ ಅವನಿಗೆ ಜಾಗ ಹೊಂದಿಸುವ ಉಪಾಯವಾಗಿತ್ತು.

*

ಸ್ಪಿಟ್‌ಫೈರ್ ಮಾಡಿದ ರೆಜಿನಾಲ್ಡ್ ಮಿಚೆಲ್ ವಾಲ್ರಸ್ ಎಂಬ ಇನ್ನೊಂದನ್ನೂ ಮಾಡಿದ. ಅದು ಮೊದಲು ಹಾರಿದ್ದು 1933ರಲ್ಲಿ. ಮೇಲೊಂದು ಕೆಳಗೊಂದು ರೆಕ್ಕೆ, ನಡುವೆ ಹಿಂದಕ್ಕೆ ಮುಖ ಮಾಡಿದ ಎಂಜಿನ್, ದೋಣಿಯ ಹೊಟ್ಟೆ, ಸುತ್ತಲೂ ತಂತಿ ಮತ್ತು ಕಂಬ. ಇದನ್ನು ಯಾರೂ ಗೋಡೆಗೆ ತೂಗುಹಾಕುವುದಿಲ್ಲ. ಆದರೆ ಇಂಗ್ಲಿಷ್ ಕಡಲ್ಗಾಲುವೆಗೆ ಬಿದ್ದು, ರಬ್ಬರ್ ತೆಪ್ಪದಲ್ಲಿ ಕೈಕಾಲು ಮರಗಟ್ಟಿ ಕೂತ ಸ್ಪಿಟ್‌ಫೈರ್ ಪೈಲಟ್ ಆಕಾಶದಲ್ಲಿ ಹುಡುಕುತ್ತಿದ್ದುದು ಈ ಕುರೂಪಿಯನ್ನೇ. ಚೆಲುವಿನ ತೀರ್ಪು ಕೊಡುವವರು ಯಾವಾಗಲೂ ಒಣ ಬಟ್ಟೆ ತೊಟ್ಟವರು.

*

ಮಿಚೆಲ್ ತೀರಿಕೊಂಡದ್ದು 1937ರ ಜೂನ್‌ನಲ್ಲಿ, 42ನೇ ವಯಸ್ಸಿನಲ್ಲಿ. ಪ್ರಯೋಗಕ್ಕೆಂದು ಮಾಡಿದ ಒಂದೇ ಒಂದು ಸ್ಪಿಟ್‌ಫೈರ್ ಹಾರುವುದನ್ನು ಅವನು ಕಂಡಿದ್ದ. ಅವನು ಕಂಡಷ್ಟು ಕಾಲ ಅದು ಯಾರನ್ನೂ ಕೊಲ್ಲದ ವಿಮಾನ.

*

ಶಾರ್ಟ್ ಸಂಡರ್‌ಲ್ಯಾಂಡ್ ಹಾರುದೋಣಿಯ ಒಂದು ಬಗೆಯ ಫೋಟೊ ಮತ್ತೆ ಮತ್ತೆ ಸಿಗುತ್ತದೆ. ಮೂತಿಯಲ್ಲಿರುವ ಬಂದೂಕಿನ ಗೋಪುರವನ್ನು ಹಿಂದಕ್ಕೆ ಸರಿಸಿದ್ದಾರೆ. ಆ ತೆರಪಿನಲ್ಲಿ ಒಬ್ಬ ನಿಂತು, ಕೊಕ್ಕೆಯ ಗಳ ಹಿಡಿದು, ನೀರಿನ ಮೇಲೆ ತೇಲುವ ಬೋಯೆಗೆ ಹಗ್ಗ ಬಿಗಿಯಲು ಬಾಗಿದ್ದಾನೆ. ಅವನ ಹಿಂದೆ 34 ಮೀಟರ್ ಅಗಲದ ರೆಕ್ಕೆ, ನಾಲ್ಕು ಎಂಜಿನ್. ನೀರಲ್ಲಿ ಬ್ರೇಕ್ ಎಂಬುದಿಲ್ಲ. ಗಾಳಿ ಮತ್ತು ಸೆಳೆತ ನೋಡಿಕೊಂಡು ಪೈಲಟ್ ಹತ್ತಿರ ತಂದಾನು. ಹಗ್ಗ ತಪ್ಪಿದರೆ ಇನ್ನೊಂದು ಸುತ್ತು. ಫೋಟೊದ ಅಡಿಬರಹದಲ್ಲಿ ವಿಮಾನದ ಮಾದರಿ ಇರುತ್ತದೆ, ಸ್ಕ್ವಾಡ್ರನ್ ಸಂಖ್ಯೆ ಇರುತ್ತದೆ, ಒಮ್ಮೊಮ್ಮೆ ಕ್ಯಾಪ್ಟನ್ ಹೆಸರು. ಹಗ್ಗ ಹಿಡಿದವನದು ಇರುವುದು ಅಪರೂಪ.

*

ಸಂಡರ್‌ಲ್ಯಾಂಡಿನ ಒಳಗೆ ಎರಡು ಅಂತಸ್ತು. ಮಲಗಲು ಬಂಕು, ಪ್ರೈಮಸ್ ಸ್ಟವ್ವಿನ ಅಡುಗೆಮೂಲೆ, ಕಕ್ಕಸು. ಹನ್ನೆರಡು ಹದಿಮೂರು ಗಂಟೆ ಬರೀ ನೀರು ನೋಡುತ್ತ ಸುತ್ತುವವರಿಗೆ ಬಿಸಿ ಚಹವೂ ಒಂದು ಆಯುಧ. ಹಸಿದ ಕಣ್ಣಿಗೆ ಅಲೆಗೂ ಪೆರಿಸ್ಕೋಪಿಗೂ ವ್ಯತ್ಯಾಸ ತಿಳಿಯುವುದಿಲ್ಲ.

*

ಆ ಹಾರಾಟಗಳಲ್ಲಿ ಬಹುಪಾಲು ಏನನ್ನೂ ಕಾಣದೆ ಮುಗಿದವು. ಕಾಣದಿದ್ದುದೇ ಗೆಲುವು ಎಂದು ಅರ್ಥವಾಗಲು ಜಲಾಂತರ್ಗಾಮಿಯ ಕಷ್ಟ ಗೊತ್ತಿರಬೇಕು. ನೀರಿನ ಮೇಲೆ 17 ನಾಟ್ ವೇಗದಲ್ಲಿ ಓಡುವ ಜರ್ಮನ್ ಯು-ಬೋಟು ಮುಳುಗಿದರೆ 8 ನಾಟ್ ದಾಟುವುದಿಲ್ಲ. ಅದೂ ಬ್ಯಾಟರಿ ಇರುವಷ್ಟು ಹೊತ್ತು. ಮೇಲೆ ವಿಮಾನದ ಸದ್ದಿದ್ದರೆ ಅದು ಮುಳುಗಿಯೇ ಇರಬೇಕು. ಅಷ್ಟರಲ್ಲಿ ಸರಕಿನ ಹಡಗುಗಳ ಸಾಲು ದಾಟಿಹೋಗಿರುತ್ತದೆ. ಖಾಲಿ ಸಮುದ್ರದ ಫೋಟೊವನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ಪದಕ ಸಿಗುವುದು ಕಂಡದ್ದಕ್ಕೆ. ಕಾಣದಂತೆ ಮಾಡಿದ್ದಕ್ಕೆ ಇನ್ನೊಂದು ಪಾಳಿ ಸಿಗುತ್ತದೆ.

*

1939ರ ಸೆಪ್ಟೆಂಬರ್ 18. ಕೆನ್ಸಿಂಗ್ಟನ್ ಕೋರ್ಟ್ ಎಂಬ ಸರಕು ಹಡಗನ್ನು ಯು-ಬೋಟು ಮುಳುಗಿಸಿತು. ಎರಡು ಸಂಡರ್‌ಲ್ಯಾಂಡುಗಳು ತೆರೆದ ಕಡಲಿಗೇ ಇಳಿದು 34 ಜನರನ್ನೂ ಎತ್ತಿಕೊಂಡು ಬಂದವು. ಯುದ್ಧ ಶುರುವಾಗಿ ಹದಿನೈದು ದಿನ. ಪತ್ರಿಕೆಗಳಿಗೆ ಹಬ್ಬ. ಆಮೇಲೆ ಕಡಲು ಎಲ್ಲ ಸಲವೂ ಅಷ್ಟು ದಯೆ ತೋರಲಿಲ್ಲ. ಅಲೆಯ ಮೇಲೆ ಇಳಿದ ಹಾರುದೋಣಿ ಮತ್ತೆ ಏಳುತ್ತದೆ ಎಂಬ ಭರವಸೆ ಯಾವ ಕೈಪಿಡಿಯಲ್ಲೂ ಇರಲಿಲ್ಲ.

*

1943ರ ಜೂನ್ 2ರಂದು ಬಿಸ್ಕೆ ಕೊಲ್ಲಿಯ ಮೇಲೆ ಒಂಟಿ ಸಂಡರ್‌ಲ್ಯಾಂಡಿನ ಮೇಲೆ ಎಂಟು ಜರ್ಮನ್ ಯುಂಕರ್ಸ್ 88 ವಿಮಾನಗಳು ಎರಗಿದವು. ಅದು ಆಸ್ಟ್ರೇಲಿಯಾದ 461ನೇ ಸ್ಕ್ವಾಡ್ರನ್ನಿನದು, ಕ್ಯಾಪ್ಟನ್ ಕಾಲಿನ್ ವಾಕರ್. ಮುಕ್ಕಾಲು ಗಂಟೆ ಕಾದಾಡಿ, ಒಬ್ಬನನ್ನು ಕಳೆದುಕೊಂಡು, ತೂತುತೂತಾದ ಹೊಟ್ಟೆಯಲ್ಲಿ ಕಾರ್ನ್‌ವಾಲಿನ ಮರಳ ದಂಡೆಗೆ ಬಂದು ಬಿತ್ತು. ಕಥೆಯನ್ನು ಇಲ್ಲಿಗೆ ನಿಲ್ಲಿಸುವುದು ವಾಡಿಕೆ. ಎರಡೂವರೆ ತಿಂಗಳೊಳಗೆ ಅದೇ ತಂಡದ ಬಹುಮಂದಿ, ವಾಕರ್ ಇಲ್ಲದೆ, ಅದೇ ಕೊಲ್ಲಿಯ ಮೇಲೆ ಹೋಗಿ ಹಿಂತಿರುಗಲಿಲ್ಲ. ವೀರಗಾಥೆ ಬರೆಯುವವರಿಗೆ ಎಲ್ಲಿ ಪುಟ ಮುಚ್ಚಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ.

*

ಮರ ನೀರು ಕುಡಿಯುತ್ತದೆ. 1925ರ ಸೂಪರ್‌ಮರೀನ್ ಸೌತಾಂಪ್ಟನ್ ಹಾರುದೋಣಿಯ ಮರದ ಹೊಟ್ಟೆ ಹೀಗೆ ಕುಡಿದ ನೀರೇ ಸುಮಾರು 180 ಕಿಲೊ. ಲೋಹದ ಹೊಟ್ಟೆ ಬಂದಾಗ ಅಷ್ಟೂ ತೂಕ ಇಳಿಯಿತು. ಅಂಥ ನಾಲ್ಕು ದೋಣಿಗಳು 1927ರಲ್ಲಿ ಇಂಗ್ಲೆಂಡ್ ಬಿಟ್ಟು, ನಮ್ಮ ಕರಾವಳಿಯನ್ನೂ ಹಾದು, ಸಿಂಗಪುರಕ್ಕೆ, ಅಲ್ಲಿಂದ ಆಸ್ಟ್ರೇಲಿಯಾ ಸುತ್ತಿ 27,000 ಮೈಲಿ ಹಾರಿದವು. ಬಂದರು ಬಂದರಿನಲ್ಲೂ ಫೋಟೊ. ಬಂದೂಕು ಹಾರಿಸದೆ ಬಂದೂಕು ಇದೆಯೆಂದು ತೋರಿಸುವ ಪ್ರವಾಸ ಅದು. ದಂಡೆಯಲ್ಲಿ ನಿಂತು ನೋಡುವ ಸ್ಥಳೀಯರು ಆ ಫೋಟೊಗಳಲ್ಲಿ ಅಳತೆಕೋಲಿನ ಕೆಲಸ ಮಾಡುತ್ತಾರೆ, ವಿಮಾನ ಎಷ್ಟು ದೊಡ್ಡದೆಂದು ತಿಳಿಯಲು.

*

ಕಪ್ಪು-ಬಿಳುಪು ಫೋಟೊ ಬಣ್ಣವನ್ನು ಬಿಟ್ಟುಬಿಡುತ್ತದೆ ಎಂದುಕೊಂಡಿದ್ದೇವೆ. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಅದು ಬಣ್ಣದ ಬಗ್ಗೆ ಸುಳ್ಳೂ ಹೇಳುತ್ತದೆ. ಮೊದಲ ಮಹಾಯುದ್ಧದಿಂದ 1930ರ ದಶಕದವರೆಗಿನ ಅನೇಕ ಫೋಟೊಗಳನ್ನು ತೆಗೆದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮಿನಲ್ಲಿ. ಅದಕ್ಕೆ ಕೆಂಪು ಕಾಣದು, ನೀಲಿ ಅತಿಯಾಗಿ ಕಾಣುತ್ತದೆ. ಬ್ರಿಟಿಷ್ ವಿಮಾನದ ಮೇಲಿನ ನೀಲಿ-ಬಿಳಿ-ಕೆಂಪು ವೃತ್ತದಲ್ಲಿ ಹೊರಗಿನ ಕಡುನೀಲಿ ಪೇಲವ ಬೂದಿಯಾಗುತ್ತದೆ, ನಡುವಿನ ಕೆಂಪು ಕಪ್ಪಾಗುತ್ತದೆ. ದೂರದಿಂದಲೇ ಕಾಣಲೆಂದು ತರಬೇತಿ ವಿಮಾನಕ್ಕೆ ಬಳಿದ ಹಳದಿ ಮಸಿಯ ಹತ್ತಿರಕ್ಕೆ ಇಳಿಯುತ್ತದೆ. ಒಂದೇ ವಿಮಾನ, ಎರಡು ಫಿಲ್ಮು, ಎರಡು ಬಣ್ಣ. ಮಾದರಿ ವಿಮಾನ ಕಟ್ಟುವ ಹವ್ಯಾಸಿಗಳು ಈ ಒಂದು ಸಂಗತಿಗೆ ದಶಕಗಳಿಂದ ಜಗಳವಾಡುತ್ತಿದ್ದಾರೆ. ನನಗೆ ಆ ಜಗಳದ ಮೇಲೆ ಗೌರವವಿದೆ. ಸಾಕ್ಷಿ ಕಣ್ಣೆದುರಿಗೇ ಇದ್ದರೂ ಸಾಕ್ಷಿಯ ಕಣ್ಣು ಎಂಥದೆಂದು ಕೇಳುವವರು ಇತಿಹಾಸಕಾರರಲ್ಲೂ ಬಹಳ ಇಲ್ಲ.

*

ಫೆಲಿಕ್ಸ್‌ಸ್ಟೊ ಹಾರುದೋಣಿಗಳಿಗೆ 1918ರಲ್ಲಿ ಪಟ್ಟೆ, ಚೌಕ, ಅಡ್ಡಗೆರೆಗಳ ಕಣ್ಣು ಕುಕ್ಕುವ ಬಣ್ಣ ಬಳಿಯುತ್ತಿದ್ದರು. ಯುದ್ಧದಲ್ಲಿ ಬಣ್ಣ ಬಳಿಯುವುದು ಅಡಗಲು ಎಂದು ಎಲ್ಲರೂ ತಿಳಿದಿರುತ್ತೇವೆ. ಇವರು ಬಳಿದದ್ದು ಕಾಣಿಸಿಕೊಳ್ಳಲು: ಉತ್ತರ ಸಮುದ್ರದಲ್ಲಿ ಎಂಜಿನ್ ಕೆಟ್ಟು ಇಳಿದರೆ ಹುಡುಕಿ ಬರುವವರಿಗೆ ಗುರುತು ಸಿಗಲಿ ಎಂದು. ಅವರಿಗೆ ಶತ್ರುವಿಗಿಂತ ಸಮುದ್ರದ ಭಯ ಹೆಚ್ಚಿತ್ತು.

*

ಆ ದೋಣಿಗಳ ಹೊಟ್ಟೆಯ ಆಕಾರ ತಿದ್ದಿದವನು ಜಾನ್ ಸಿರಿಲ್ ಪೋರ್ಟ್. 1914ರಲ್ಲಿ ಅಮೆರಿಕದ ಕರ್ಟಿಸ್ ಹಾರುದೋಣಿಯಲ್ಲಿ ಅಟ್ಲಾಂಟಿಕ್ ದಾಟಲು ಹೊರಟಿದ್ದ. ಯುದ್ಧ ಬಂತು, ಊರಿಗೆ ಮರಳಿದ. ಕ್ಷಯ ಹಿಡಿದ ಶ್ವಾಸಕೋಶ ಹೊತ್ತು ಆ ದೋಣಿಯನ್ನು ಕಡಲಿಗೆ ತಾಳುವಂತೆ ಮಾಡಿದ. 1919ರಲ್ಲಿ ತೀರಿಕೊಂಡ. ಅದೇ ವರ್ಷ ಇತರರು ಅಟ್ಲಾಂಟಿಕ್ ದಾಟಿದರು.

*

ಯುದ್ಧಕಾಲದ ಫೋಟೊ ಸೆನ್ಸಾರ್ ಮೇಜು ದಾಟದೆ ಪತ್ರಿಕೆಗೆ ಹೋಗುತ್ತಿರಲಿಲ್ಲ. ರಾಡಾರಿನ ಕಡ್ಡಿಗಳು, ಸ್ಕ್ವಾಡ್ರನ್ನಿನ ಅಕ್ಷರಗಳು, ಹಿನ್ನೆಲೆಯ ಗುಡ್ಡ, ಎಲ್ಲವನ್ನೂ ಅಳಿಸಿ ಮಸುಕಾಗಿಸುತ್ತಿದ್ದರು. ಇಂದು ಅದೇ ಮಸುಕು ದಾರಿ ತೋರಿಸುತ್ತದೆ. ಎಲ್ಲಿ ಗೀಚಿದ್ದಾರೋ ಅಲ್ಲಿ ಭೂತಗನ್ನಡಿ ಹಿಡಿದರೆ ಸಾಕು, ಏನೋ ಮುಖ್ಯವಾದದ್ದು ಅಲ್ಲಿತ್ತು.

*

ಗುಟ್ಟಿಗೂ ಒಂದು ಹಟವಿರುತ್ತದೆ. ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ನೆಗೆಯುವ ಬಾಂಬಿನ ಕಥೆ 1955ರಲ್ಲಿ ಸಿನಿಮಾ ಆಯಿತು. ಬಾಂಬಿನ ನಿಜವಾದ ಆಕಾರ ಆಗಲೂ ಗುಟ್ಟು. ಚಿತ್ರದಲ್ಲಿ ಬೇರೆಯೇ ಆಕಾರ ತೋರಿಸಬೇಕಾಯಿತು. ಆ ಬಾಂಬು ಸಿಡಿದಾಗ ಎದುರಿಗಿದ್ದವರಿಗೆ ಮಾತ್ರ ಗುಟ್ಟು ಮೊದಲೇ ಗೊತ್ತಾಗಿತ್ತು.

*

ಆ ದಾಳಿಗೆ, 1943ರ ಮೇ 16ರ ರಾತ್ರಿ, 19 ಲ್ಯಾಂಕಾಸ್ಟರ್ ಬಾಂಬರುಗಳು ಹೋದವು, 8 ಬರಲಿಲ್ಲ, 53 ಜನ ಸತ್ತರು. ಮರುದಿನ ಬೆಳಿಗ್ಗೆ ಸ್ಪಿಟ್‌ಫೈರ್ ಒಂದು ಎತ್ತರದಿಂದ ಮೋನೆ ಅಣೆಕಟ್ಟಿನ ಫೋಟೊ ತೆಗೆಯಿತು. ಗೋಡೆಯ ನಡುವೆ ಬಿರುಕು, ಅದರಿಂದ ಬಿಳಿ ನೀರು. ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚು ಹಾಕಿದ ಚಿತ್ರ. ಕೆಳಗಿನ ಕಣಿವೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಮುಳುಗಿದ್ದರು. ಅವರಲ್ಲಿ ಬಹಳಷ್ಟು ಮಂದಿ ಸೋವಿಯತ್ ನಾಡಿನಿಂದ ಹಿಡಿದು ತಂದು ದುಡಿಸುತ್ತಿದ್ದ ಕೂಲಿಗಳು. ಹಿಟ್ಲರನ ಕೈದಿಗಳಾಗಿ ಬಂದು ಹಿಟ್ಲರನ ವೈರಿಯ ನೀರಲ್ಲಿ ಸತ್ತರು. ಅಷ್ಟು ಎತ್ತರದ ಕ್ಯಾಮೆರಾಕ್ಕೆ ಅಣೆಕಟ್ಟು ಕಾಣುತ್ತದೆ, ಹೆಣ ಕಾಣುವುದಿಲ್ಲ. ಎತ್ತರವೂ ಒಂದು ಸೆನ್ಸಾರ್.

*

ಆ ಬಗೆಯ ಸ್ಪಿಟ್‌ಫೈರಿನಲ್ಲಿ ಬಂದೂಕು ತೆಗೆದು ಕ್ಯಾಮೆರಾ ಇಟ್ಟಿರುತ್ತಿದ್ದರು. ಮೋಡದಡಿ ಹಾರುವ ಕೆಲವಕ್ಕೆ ನಸುಗುಲಾಬಿ ಬಣ್ಣ. ತಂದ ಫೋಟೊಗಳನ್ನು ಮೆಡ್‌ಮೆನ್‌ಹ್ಯಾಮ್ ಎಂಬಲ್ಲಿ ಜೋಡಿ ಮಸೂರದ ಕೆಳಗಿಟ್ಟು ಓದುತ್ತಿದ್ದರು. ಓದುತ್ತಿದ್ದವರಲ್ಲಿ ಹೆಂಗಸರು ಬಹಳ. 1943ರ ನವೆಂಬರ್ ಕೊನೆಯಲ್ಲಿ ತೆಗೆದ ಜರ್ಮನಿಯ ಪೀನೆಮುಂಡೆಯ ಚಿತ್ರವೊಂದರಲ್ಲಿ, ಇಳಿಜಾರಿನ ಮೇಲೆ ನಿಂತ ಚುಕ್ಕೆಯಂಥದ್ದನ್ನು ಕಾನ್‌ಸ್ಟನ್ಸ್ ಬಾಬಿಂಗ್‌ಟನ್ ಸ್ಮಿತ್ ಕಂಡುಹಿಡಿದಳು. ಲಂಡನ್ನಿನ ಮೇಲೆ ಬೀಳಲಿದ್ದ ಹಾರುಬಾಂಬು ವಿ-1 ಅದು. ತಲೆಯೆತ್ತಿ ವಿಮಾನ ನೋಡಿದವರ ಕಥೆ ನಮಗೆಲ್ಲ ಬಾಯಿಪಾಠ. ತಲೆತಗ್ಗಿಸಿ ಕೂತು ನೋಡಿದವರ ಕಥೆ ತಡವಾಗಿ ಬಂತು.

*

ಆಕಾಶದಲ್ಲಿ ಹಾರುವ ವಿಮಾನದ ಪ್ರತಿ ಹತ್ತಿರದ ಫೋಟೊದಲ್ಲೂ ಇನ್ನೊಂದು ವಿಮಾನವಿದೆ. ಅದು ಕಾಣುವುದಿಲ್ಲ, ಏಕೆಂದರೆ ಫೋಟೊ ತೆಗೆದವನು ಅದರಲ್ಲಿ ಕೂತಿದ್ದಾನೆ.

*

ಬ್ರಿಟನ್ನಿನಲ್ಲಿ ಹಾಗೆ ಕೂತವರಲ್ಲಿ ದೊಡ್ಡ ಹೆಸರು ಚಾರ್ಲ್ಸ್ ಇ. ಬ್ರೌನ್. ತೆರೆದ ಕಾಕ್‌ಪಿಟ್ಟಿನ ಗಾಳಿಯಲ್ಲಿ ಭಾರದ ಕ್ಯಾಮೆರಾ ಎತ್ತಿ ಹಿಡಿದು ದಶಕಗಟ್ಟಲೆ ದುಡಿದ. ಅವನ ನೆಗೆಟಿವ್‌ಗಳು ಈಗ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿವೆ. ತಮಾಷೆಯೆಂದರೆ ಸಾಮಾನ್ಯ ಜನ ಅತಿ ಹೆಚ್ಚು ನೋಡಿದ ಅವನ ಚಿತ್ರದಲ್ಲಿ ವಿಮಾನವೇ ಇಲ್ಲ: ವಾಟರ್‌ಲೂ ರೈಲು ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದ ಪುಟ್ಟ ಹುಡುಗನೊಬ್ಬ ಉಗಿಬಂಡಿಯ ಚಾಲಕನತ್ತ ಕತ್ತೆತ್ತಿ ನೋಡುತ್ತಿರುವುದು. ರೈಲ್ವೆ ಕಂಪನಿ ಅದನ್ನು ಜಾಹೀರಾತಿಗೆ ಬಳಸಿತು. ಯಂತ್ರದ ಚಿತ್ರ ಜನಕ್ಕೆ ಹಿಡಿಸಬೇಕಾದರೆ ಅದನ್ನು ನೋಡುವ ಮುಖವೊಂದು ಇರಲೇಬೇಕು ಎಂದು ಬ್ರೌನ್‌ಗೆ ಆಗಲೇ ಗೊತ್ತಿತ್ತು. ಆಮೇಲಿನ ವಿಮಾನದ ಚಿತ್ರಗಳಲ್ಲಿ ಆ ಮುಖ ನಮ್ಮದು.

*

1944ರ ಸೆಪ್ಟೆಂಬರ್‌ನಲ್ಲಿ ಪಿಕ್ಚರ್ ಪೋಸ್ಟ್ ಪತ್ರಿಕೆಯ ಮುಖಪುಟಕ್ಕೆ ಬಂದವಳು ಮೊರೀನ್ ಡನ್‌ಲಪ್. ಅರ್ಜೆಂಟೀನಾದಲ್ಲಿ ಹುಟ್ಟಿದವಳು, ಕಾರ್ಖಾನೆಯಿಂದ ದಳಗಳಿಗೆ ವಿಮಾನ ಮುಟ್ಟಿಸುವ ಪಡೆಯ ಪೈಲಟ್. ಬ್ಯಾರಕೂಡ ವಿಮಾನದಿಂದ ಇಳಿದು ಹಣೆಯ ಮೇಲಿನ ಕೂದಲು ಸರಿಸುತ್ತಿದ್ದಾಳೆ. ಓದುಗರು ಕೂದಲು ನೋಡಿದರು. ಆ ಪಡೆಯ ಹೆಂಗಸರು ರೇಡಿಯೊ ಇಲ್ಲದೆ, ಬಂದೂಕಿಗೆ ಗುಂಡಿಲ್ಲದೆ, ನಿನ್ನೆ ಒಂದು ಮಾದರಿ ಇಂದು ಇನ್ನೊಂದು ಮಾದರಿ ಹಾರಿಸುತ್ತಿದ್ದರು. ಒಂಟಿಯಾಗಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿ ಹೆಸರಾಗಿದ್ದ ಏಮಿ ಜಾನ್ಸನ್ ಅದೇ ಕೆಲಸದಲ್ಲಿ 1941ರ ಜನವರಿಯಲ್ಲಿ ಥೇಮ್ಸ್ ಅಳಿವೆಗೆ ಬಿದ್ದಳು. ಅವಳ ದೇಹ ಸಿಗಲಿಲ್ಲ.

*

ಬಟ್ಟೆ ಹೊದಿಸಿದ ರೆಕ್ಕೆಯ ಸ್ವೋರ್ಡ್‌ಫಿಶ್ ಯುದ್ಧ ಶುರುವಾದಾಗಲೇ ಹಳತಾಗಿತ್ತು. 1940ರ ನವೆಂಬರ್‌ನಲ್ಲಿ ಅಂಥ 21 ವಿಮಾನಗಳು ಟರಾಂಟೊ ಬಂದರಿನಲ್ಲಿ ಇಟಲಿಯ ಮೂರು ಯುದ್ಧನೌಕೆಗಳನ್ನು ಕೆಡಿಸಿದವು. ಮರುವರ್ಷ ಮೇ ತಿಂಗಳಲ್ಲಿ ಜರ್ಮನಿಯ ಬಿಸ್ಮಾರ್ಕ್ ಹಡಗಿನ ಚುಕ್ಕಾಣಿ ಮುರಿದವು. ಹಳತೇ ಚಿನ್ನ ಎನ್ನುವವರಿಗೆ ಇದಕ್ಕಿಂತ ಬೇಕೇ? 1942ರ ಫೆಬ್ರವರಿ 12ರಂದು ಅದೇ ಬಗೆಯ ಆರು ವಿಮಾನಗಳನ್ನು ಯೂಜೀನ್ ಎಸ್ಮಂಡ್ ಹಗಲುಹೊತ್ತಿನಲ್ಲಿ ಜರ್ಮನ್ ನೌಕೆಗಳ ಮೇಲೆ ಕೊಂಡೊಯ್ದ. ಆರೂ ಬಿದ್ದವು. 18 ಜನರಲ್ಲಿ 13 ಜನ ಸತ್ತರು, ಎಸ್ಮಂಡ್ ಸಹ. ಬಿಸ್ಮಾರ್ಕ್ ಮೇಲೂ ಅವನು ಹೋಗಿದ್ದ. ಧೈರ್ಯ ಎರಡು ಸಲವೂ ಒಂದೇ ಇತ್ತು. ಕತ್ತಲೆ, ಮೋಡ, ಶತ್ರುವಿನ ಫೈಟರ್‌ಗಳು ಬೇರೆ ಇದ್ದವು. ಸ್ವೋರ್ಡ್‌ಫಿಶ್ ಚಿತ್ರವನ್ನು ಹಿಡಿದು ಹಳೆಯದನ್ನು ಹೊಗಳುವವರು ಇಸವಿ ಹೇಳಿ ಹೊಗಳಲಿ.

*

ಲಂಡನ್ನಿನ ಮ್ಯೂಸಿಯಂನಲ್ಲಿರುವ ಒಂದು ಲ್ಯಾಂಕಾಸ್ಟರಿನ ಮೂತಿಯ ಮೇಲೆ ಹಿಟ್ಲರನ ವಾಯುಪಡೆಯ ಮುಖ್ಯಸ್ಥ ಗೋರಿಂಗ್‌ನ ಬಡಾಯಿಯನ್ನೇ ಬರೆದಿದ್ದಾರೆ: ಜರ್ಮನ್ ನೆಲದ ಮೇಲೆ ಶತ್ರು ವಿಮಾನ ಹಾರದು ಎಂಬ ಮಾತು. ಅದರ ಪಕ್ಕ ಸಾಲು ಸಾಲು ಬಾಂಬಿನ ಗುರುತು. ಆ ವಿಮಾನ ಹೋಗಿಬಂದ ದಾಳಿಗಳು 137. ನೋಡಿದವರೆಲ್ಲ ನಗುತ್ತಾರೆ, ನಾನೂ ನಗುತ್ತೇನೆ. ಬಾಂಬರ್ ಪಡೆಯಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು. ಒಂದೊಂದು ಗುರುತಿನ ಕೆಳಗೂ ಒಂದು ಊರಿತ್ತು. 137 ಸಲ ಹಿಂತಿರುಗಿದ್ದು ಉಳಿದಿದೆ, ಅದನ್ನು ನೋಡುತ್ತೇವೆ. ಮೂರನೆಯ ಸಲಕ್ಕೇ ಹೋದದ್ದರ ಫೋಟೊ ಯಾರ ಮನೆಯ ಟ್ರಂಕಿನಲ್ಲಿದೆಯೋ.

*

ನೆಸ್ ಸರೋವರದಲ್ಲಿ ರಾಕ್ಷಸ ಪ್ರಾಣಿ ಹುಡುಕಹೋದವರಿಗೆ 1976ರಲ್ಲಿ ವೆಲ್ಲಿಂಗ್‌ಟನ್ ಬಾಂಬರ್ ಸಿಕ್ಕಿತು. 1940ರ ಡಿಸೆಂಬರ್ 31ರಂದು ತರಬೇತಿ ಹಾರಾಟದಲ್ಲಿ ಎಂಜಿನ್ ಕೆಟ್ಟು ನೀರಿಗಿಳಿದದ್ದು. 1985ರಲ್ಲಿ ಎತ್ತಿದರು. ಬಾರ್ನ್ಸ್ ವಾಲಿಸ್ ರೂಪಿಸಿದ ಬಲೆಯಂಥ ಲೋಹದ ಹೆಣಿಗೆ ನಲವತ್ತೈದು ವರ್ಷ ನೀರಲ್ಲಿದ್ದೂ ಆಕಾರ ಬಿಟ್ಟುಕೊಟ್ಟಿರಲಿಲ್ಲ. ಇಲ್ಲದ್ದನ್ನು ನಿಷ್ಠೆಯಿಂದ ಹುಡುಕಿದರೂ ಇರುವುದೇನೋ ಸಿಗುತ್ತದೆ.

*

ಆ ಕಾಲದ ಅತಿದೊಡ್ಡ ಬ್ರಿಟಿಷ್ ಹಾರುದೋಣಿ ಶಾರ್ಟ್ ಶೆಟ್‌ಲ್ಯಾಂಡ್ 1946ರ ಜನವರಿಯಲ್ಲಿ ಲಂಗರು ಹಾಕಿದಲ್ಲೇ ಸುಟ್ಟುಹೋಯಿತು. ಕಾರಣ ಅಡುಗೆಮೂಲೆಯ ಬೆಂಕಿ. ಶತ್ರುವಿಗೆ ಸಿಗದದ್ದು ಒಲೆಗೆ ಸಿಕ್ಕಿತು.

*

1948ರಲ್ಲಿ ಬರ್ಲಿನ್ನಿಗೆ ರಸ್ತೆ, ರೈಲು ಎಲ್ಲ ಮುಚ್ಚಿದಾಗ ಉಪ್ಪು ಒಯ್ಯುವುದು ಹೇಗೆಂಬ ಪ್ರಶ್ನೆ ಬಂತು. ಉಪ್ಪಿನ ಹರಳು ಸೋರಿ ನೆಲದಡಿಯ ತಂತಿಗಳಿಗೆ ಸೇರಿದರೆ ಸಾಮಾನ್ಯ ವಿಮಾನ ತುಕ್ಕು ಹಿಡಿದು ಸಾಯುತ್ತದೆ. ಸಂಡರ್‌ಲ್ಯಾಂಡ್ ಕಡಲಿಗೆಂದೇ ಹುಟ್ಟಿದ್ದು; ಮೈಗೆ ತುಕ್ಕು ತಡೆಯುವ ಲೇಪವಿತ್ತು, ತಂತಿಗಳು ಮೇಲೆ ಚಾವಣಿಯಲ್ಲಿದ್ದವು. ಹ್ಯಾಂಬರ್ಗ್ ಹತ್ತಿರ ಎಲ್ಬೆ ನದಿಯಿಂದ ಎದ್ದು ಬರ್ಲಿನ್ನಿನ ಹಾಫೆಲ್ ಸರೋವರಕ್ಕೆ ಇಳಿದು ಉಪ್ಪಿನ ಮೂಟೆ ಇಳಿಸಿದವು, ನೀರು ಹೆಪ್ಪುಗಟ್ಟುವ ಡಿಸೆಂಬರ್‌ವರೆಗೆ. ಮೂರು ವರ್ಷದ ಹಿಂದೆ ಅದೇ ವಾಯುಪಡೆ ಅದೇ ನಗರದ ಮೇಲೆ ಬಾಂಬು ಸುರಿದಿತ್ತು. ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ನಮ್ಮಲ್ಲಿದೆ. ಎರಡು ಬಗೆದ ಮನೆಗೇ ಉಪ್ಪು ಹೊತ್ತವರ ಬಗ್ಗೆ ಗಾದೆ ಇನ್ನೂ ಹುಟ್ಟಿಲ್ಲ.

*

ಹಾರುದೋಣಿಯನ್ನು ಕೊಂದದ್ದು ಯುದ್ಧದ ಸೋಲಲ್ಲ, ಯುದ್ಧದ ಡಾಂಬರು. ಆರು ವರ್ಷದಲ್ಲಿ ಜಗತ್ತಿನ ತುಂಬ ರನ್‌ವೇ ಹಾಸಿದ್ದರು. ಇಳಿಯಲು ನೀರು ಹುಡುಕುವ ಅಗತ್ಯ ಉಳಿಯಲಿಲ್ಲ. ಇದು ತಿಳಿಯುವ ಹೊತ್ತಿಗೆ ಸಾಂಡರ್ಸ್-ರೋ ಕಂಪನಿ ಹತ್ತು ಎಂಜಿನ್ನಿನ, 67 ಮೀಟರ್ ರೆಕ್ಕೆಯ ಪ್ರಿನ್ಸೆಸ್ ಕಟ್ಟುತ್ತಿತ್ತು. 1952ರ ಆಗಸ್ಟ್‌ನಲ್ಲಿ ಹಾರಿತು. ಕಟ್ಟಿದ್ದು ಮೂರು, ಹಾರಿದ್ದು ಒಂದು, ಕೊಂಡವರು ಯಾರೂ ಇಲ್ಲ. ವರ್ಷಗಟ್ಟಲೆ ದಡದಲ್ಲಿ ಮುಸುಕು ಹಾಕಿ ಇಟ್ಟು 1967ರಲ್ಲಿ ಗುಜರಿಗೆ ಹಾಕಿದರು. ಅದರ ಫೋಟೊ ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಕಾಲ ಮುಗಿದ ಮೇಲೆ ಬರುವ ಪರಿಪೂರ್ಣತೆಗೆ ಬೇರೆಯೇ ಗತ್ತು.

*

ಬ್ರಿಟನ್ನಿನ ಟಿಎಸ್‌ಆರ್-2 ಬಾಂಬರ್ ಹಾರಿದ್ದು 1964ರ ಸೆಪ್ಟೆಂಬರ್‌ನಲ್ಲಿ, ರದ್ದಾದದ್ದು 1965ರ ಏಪ್ರಿಲ್‌ನಲ್ಲಿ. ಹಾರಿದ ಒಂದೇ ವಿಮಾನವನ್ನು ಗುಂಡಿನ ಪರೀಕ್ಷೆಗೆ ಗುರಿಯಾಗಿ ನಿಲ್ಲಿಸಿದರು. ಹಾರದವು ಎರಡು ಮ್ಯೂಸಿಯಂಗಳಲ್ಲಿ ಸುಖವಾಗಿವೆ.

*

ವಲ್ಕನ್ ಬಾಂಬರಿಗೆ ಮೈಯೆಲ್ಲ ಬಿಳಿ ಬಳಿದದ್ದು ತನ್ನದೇ ಅಣುಬಾಂಬಿನ ಝಳ ತನಗೆ ತಾಗದಿರಲೆಂದು. ಗುರುತಿನ ವೃತ್ತದ ಕೆಂಪು-ನೀಲಿಯನ್ನೂ ಪೇಲವ ಮಾಡಿದರು. ಕಡು ಬಣ್ಣ ಶಾಖ ಹೀರುತ್ತದೆ. ಬಿಳಿಯ ಬಣ್ಣಕ್ಕೆ ನಾವು ಕೊಟ್ಟ ಅರ್ಥಗಳೆಲ್ಲ ಆ ಚಿತ್ರದ ಮುಂದೆ ತಲೆತಗ್ಗಿಸುತ್ತವೆ.

*

ಪ್ಲಿಮತ್ ಬಂದರಿನ ಹಾರುದೋಣಿ ನೆಲೆಯಲ್ಲಿ ಶಾ ಎಂಬ ಹೆಸರಿನ ಸಾಮಾನ್ಯ ಸಿಪಾಯಿಯೊಬ್ಬನಿದ್ದ. ಅರೇಬಿಯಾದ ಲಾರೆನ್ಸ್ ಅವನೇ, ಕೀರ್ತಿಯಿಂದ ತಲೆಮರೆಸಿಕೊಂಡಿದ್ದ. 1931ರ ಫೆಬ್ರವರಿಯಲ್ಲಿ ಐರಿಸ್ ಹಾರುದೋಣಿ ಕಣ್ಣೆದುರೇ ನೀರಿಗೆ ಬಡಿದು ಮುಳುಗಿದ್ದನ್ನು ಕಂಡ. ರಕ್ಷಣೆಯ ದೋಣಿಗಳು ತೀರಾ ನಿಧಾನ. ಮುಂದಿನ ವರ್ಷಗಳನ್ನು ವೇಗದ ದೋಣಿಗಳ ಎಂಜಿನ್ ತಿದ್ದುವುದರಲ್ಲಿ ಕಳೆದ. ಅವನ ಫೋಟೊ ಎಂದರೆ ಮರುಭೂಮಿ, ಒಂಟೆ, ಬಿಳಿ ನಿಲುವಂಗಿ. ಎಣ್ಣೆ ಮೆತ್ತಿದ ಕೈಯ ಚಿತ್ರವನ್ನೇ ನಾನು ಆರಿಸಿಕೊಳ್ಳುತ್ತೇನೆ.

*

1940ರ ಬ್ರಿಟನ್ನಿನಲ್ಲಿ 5,000 ಪೌಂಡ್ ಕೊಟ್ಟವರ ಹೆಸರನ್ನು ಸ್ಪಿಟ್‌ಫೈರಿನ ಮೇಲೆ ಬರೆಯುತ್ತಿದ್ದರು. ವಿಮಾನದ ನಿಜವಾದ ಖರ್ಚು ಅದಕ್ಕಿಂತ ಹೆಚ್ಚು. 5,000 ಎಂಬುದು ದಾನಿಗಳಿಗೆ ನಿಗದಿ ಮಾಡಿದ ದರ. ಮೈಸೂರು ಸಂಸ್ಥಾನ ಕೊಟ್ಟ ಹಣಕ್ಕೆ ಇಡೀ ಸ್ಕ್ವಾಡ್ರನ್ನಿಗೇ ಹೆಸರು ಬಂತು: 129ನೇ ಮೈಸೂರು ಸ್ಕ್ವಾಡ್ರನ್, 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿದ್ದು. ಅದರ ಲಾಂಛನ ಗಂಡಭೇರುಂಡ. ಇಂದು ನಮ್ಮ ಸರ್ಕಾರಿ ಕಾಗದದ ಮೇಲೆ, ಸಾರಿಗೆ ಬಸ್ಸಿನ ಮೇಲೆ ಇರುವ ಅದೇ ಎರಡು ತಲೆಯ ಹಕ್ಕಿ. ಹಿಂದೆ ನೋಡದ ಪೈಲಟ್ ಬದುಕುವುದಿಲ್ಲ ಎಂಬುದು ಫೈಟರ್ ವಿಮಾನದ ಮೊದಲ ಪಾಠ. ಅವರಿಗೆ ಇದಕ್ಕಿಂತ ತಕ್ಕ ಲಾಂಛನ ಯಾರೂ ಕೊಡಲಾರರು. ಮಂಡ್ಯ, ಹಾಸನ, ಚಿತ್ರದುರ್ಗದ ಕಂದಾಯವೂ ಸೇರಿ ತುಂಬಿದ ಬೊಕ್ಕಸದ ಹಣ ಅದು. ಕೊಟ್ಟ ರೈತರು ಆ ವಿಮಾನ ನೋಡಲಿಲ್ಲ, ಹಾರಿಸಿದ ಹುಡುಗರು ಮೈಸೂರು ನೋಡಲಿಲ್ಲ.

*

ಕಡಲಿಂದ ಇಷ್ಟು ದೂರದಲ್ಲಿ, 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೂ ಹಾರುದೋಣಿಗಳು ಬಂದಿವೆ. ಯುದ್ಧಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್) ಕಾರ್ಖಾನೆಗೆ ರಿಪೇರಿಗೆ ಬಂದ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಇಳಿಯುತ್ತಿದ್ದವು. ಅಮೆರಿಕದಲ್ಲಿ ಕಟ್ಟಿದ ದೋಣಿ, ಆ ಹೆಸರು ಇಟ್ಟವರು ಬ್ರಿಟಿಷರು. ಇದೇ ಬಗೆಯ ಇನ್ನೊಂದು ಕ್ಯಾಟಲೀನಾ ಅಟ್ಲಾಂಟಿಕ್‌ನಲ್ಲಿ ತಪ್ಪಿಸಿಕೊಂಡಿದ್ದ ಬಿಸ್ಮಾರ್ಕನ್ನು ಮತ್ತೆ ಪತ್ತೆಹಚ್ಚಿತ್ತು. ವಿಮಾನ ಇಳಿಸಬಲ್ಲಷ್ಟು ನೀರು, ಅಗಲ, ನಿಚ್ಚಳ ಇದ್ದ ಕೆರೆ ಅದು. ಈಗ ಅದರ ಫೋಟೊ ಪತ್ರಿಕೆಯಲ್ಲಿ ಬಂದರೆ ನೊರೆ ಇರುತ್ತದೆ, ಇಲ್ಲವೇ ಬೆಂಕಿ.

*

ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿತು. ಅಮೆರಿಕದಿಂದ ಎರವಲು ತಂದವು. ಒಪ್ಪಂದದಂತೆ ಮತ್ತೆ ಯಾರೂ ಹಾರಿಸಬಾರದು. ಅದಕ್ಕೆಂದು ಬೇಕೆಂತಲೇ ಕೆಡಿಸಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದ ಮೇಲೆ ಎಚ್‌ಎಎಲ್‌ನವರು ಅಲ್ಲಿಗೆ ಹೋಗಿ, ಒಂದರ ರೆಕ್ಕೆ ಇನ್ನೊಂದರ ಬಾಲ ಜೋಡಿಸಿ, ಹೇಗೋ ಹಾರುವಷ್ಟು ಮಾಡಿದರು. ಪೈಲಟ್ ಜಿಮ್ಮಿ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿ ತಂದ. ಇಲ್ಲಿ ಸರಿಯಾದ ದುರಸ್ತಿ. ನಲವತ್ತರಷ್ಟು ವಿಮಾನಗಳು ಹೀಗೆ ಎದ್ದು ನಿಂತು 1968ರವರೆಗೆ ನಮ್ಮ ವಾಯುಪಡೆಯಲ್ಲಿ ದುಡಿದವು. ಅಷ್ಟರಲ್ಲಿ ಬ್ರಿಟನ್ನಿನ ಮ್ಯೂಸಿಯಂಗೆ ಒಂದು ಲಿಬರೇಟರ್ ಬೇಕಿತ್ತು, ಅವರ ಬಳಿ ಇರಲಿಲ್ಲ. ಭಾರತ ಒಂದನ್ನು ಕಾಣಿಕೆ ಕೊಟ್ಟಿತು. 1974ರಲ್ಲಿ ಅದು ತನ್ನದೇ ಎಂಜಿನ್ನಿನ ಮೇಲೆ ಇಂಗ್ಲೆಂಡಿಗೆ ಹಾರಿಕೊಂಡು ಹೋಯಿತು. ಅಲ್ಲಿ ಅದಕ್ಕೆ ಮತ್ತೆ ಬ್ರಿಟಿಷ್ ಸ್ಕ್ವಾಡ್ರನ್ನಿನ ಬಣ್ಣ ಬಳಿದಿದ್ದಾರೆ.